ಬಾಕ್ಸ್ ಹೊತ್ತ ಬೌಲರ್

ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದ ಡಾಕ್ಟರು ಮೊದಲು ಕೇಳಿದ್ದೇ, ಈ ಹುಡುಗ ಭಾರ ಹೊರುತ್ತಾನಾ ಎಂದು. ಕೇಳಿದ್ದು ಕದಿರೇಶನನ್ನಲ್ಲ, ಅವನನ್ನು ಕರೆದುಕೊಂಡು ಬಂದಿದ್ದ ಕೋಚ್ ಕಾಂತರಾಜನನ್ನು. ಕಾಂತರಾಜ ಗೊತ್ತಿಲ್ಲ ಎಂದ.

ಗೊತ್ತಿತ್ತು.

ಅಂಗಿ ಬಿಚ್ಚಿ ಮಂಚದ ತುದಿಯಲ್ಲಿ ಕೂತಿದ್ದ ಕದಿರೇಶ ತನ್ನ ಕೋಚ್‌ನ ಮುಖ ನೋಡಿದ. ಆಮೇಲೆ ತಾನೇ, ದಿನಾ ಬೆಳಗ್ಗೆ ಕೋಲಾರದ ಮಂಡಿಯಲ್ಲಿ ಟೊಮೆಟೊ ಬಾಕ್ಸ್ ಹೊರುತ್ತೇನೆ ಎಂದು ಹೇಳಿದ. ಡಾಕ್ಟರು ಫಿಲ್ಮನ್ನು ಕೆಳಗಿಟ್ಟರು. ಬೆನ್ನುಮೂಳೆಯ ಕೆಳಭಾಗದಲ್ಲಿ ಬಿರುಕು ಬಿಟ್ಟಿದೆ, ಜೋರಾಗಿ ಬೌಲಿಂಗ್ ಮಾಡುವ ಹುಡುಗರಿಗೆ ಇದು ಬರುತ್ತದೆ, ಸುಮ್ಮನಿದ್ದರೆ ಕೂಡಿಕೊಳ್ಳುತ್ತದೆ ಎಂದರು. ಮಳೆಗಾಲ ಮುಗಿಯುವವರೆಗೆ ಚೆಂಡು ಮುಟ್ಟುವ ಹಾಗಿಲ್ಲ, ಬಾಕ್ಸಂತೂ ಮುಟ್ಟಲೇಬಾರದು. ಬೌಲಿಂಗ್ ಬಿಟ್ಟು ಬಾಕ್ಸ್ ಹೊತ್ತರೂ ಅಷ್ಟೇ. ಬಿರುಕು ಪೂರ್ತಿ ಬಾಯಿಬಿಟ್ಟರೆ ಇನ್ನು ಫಾಸ್ಟ್ ಬೌಲಿಂಗಿನ ಮಾತೇ ಇಲ್ಲ.

‘ಇವನಿಗೆ ಹೇಳಿದ್ರೆ ಸಾಲದು, ಇವರಪ್ಪನಿಗೆ ಹೇಳಿ’ ಎಂದರು ಡಾಕ್ಟರು.

ಇವರಪ್ಪನಿಗೆ ಹೇಳುವುದೇ ಕಷ್ಟದ ಕೆಲಸವಾಗಿತ್ತು. ಯಾಕೆಂದರೆ ಅವನಿಗೆ ಈ ಬಾಕ್ಸಿನ ಹುಚ್ಚು ಹಿಡಿಸಿದವನು ಕಾಂತರಾಜನೇ.

ಕೋಲಾರ ಜಿಲ್ಲೆಯಲ್ಲಿ ಕ್ರಿಕೆಟ್ ಆಡುವ ಯಾರನ್ನು ಕೇಳಿದರೂ ಕಾಂತರಾಜನ ಕತೆ ಹೇಳುತ್ತಾರೆ. ವಕ್ಕಲೇರಿ ಹೋಬಳಿಯ ಹಳ್ಳಿ ಹುಡುಗ. ಮುಳಬಾಗಿಲಿನಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ಆಡುತ್ತಿದ್ದವನು ಮಾಲೂರಿನ ಮ್ಯಾಟಿಂಗ್ ಪಿಚ್ಚಿನ ಮೇಲೆ ಬೆಂಗಳೂರಿನ ಕ್ಲಬ್ಬೊಂದರ ಬ್ಯಾಟ್ಸ್‌ಮನ್ನುಗಳ ಸ್ಟಂಪು ಹಾರಿಸಿದ. ಅದೇ ಕ್ಲಬ್ಬಿನವರು ಅವನನ್ನು ಕರೆದುಕೊಂಡು ಹೋದರು. ಕೆಲವು ವರ್ಷ ರಾಜ್ಯಕ್ಕೆ ಆಡಿದ. ಮೊಣಕಾಲು ಕೈಕೊಟ್ಟ ಮೇಲೆ ಕ್ರೀಡಾ ಕೋಟಾದ ಬ್ಯಾಂಕ್ ಕೆಲಸ ಉಳಿಯಿತು. ಈಗ ಕೋಲಾರದಲ್ಲಿ ಸ್ವಂತ ಮನೆ, ಸಂಜೆ ಹೊತ್ತು ಹುಡುಗರಿಗೆ ಕೋಚಿಂಗ್. ಇಷ್ಟೆಲ್ಲ ನಿಜ. ಜನ ಇಷ್ಟನ್ನು ಹೇಳಿ ನಿಲ್ಲಿಸುವುದಿಲ್ಲ. ಅವನಿಗೆ ಆ ವೇಗ ಎಲ್ಲಿಂದ ಬಂತು ಅನ್ನುವುದೇ ಕತೆಯ ಮುಖ್ಯ ಭಾಗ. ಬೆಳಗಿನ ಜಾವ ಮಂಡಿಯಲ್ಲಿ ಟೊಮೆಟೊ ಬಾಕ್ಸ್ ಹೊತ್ತು ಬೆನ್ನು ಗಟ್ಟಿ ಮಾಡಿಕೊಂಡ, ಜಿಮ್ಮು ಗಿಮ್ಮು ಏನೂ ಇಲ್ಲ, ಬಾಕ್ಸೇ ಜಿಮ್ಮು. ಇದು ಸುಳ್ಳು.

ಆಗ ಮಾಲೂರಿನ ಮಂಡಿಯಲ್ಲಿ, ಕೋಲಾರದ ಹಮಾಲಿಗಳು ಕಾಣದ ಕಡೆ, ಬಾಕ್ಸ್ ಹೊತ್ತವನು ಅವನ ಅಣ್ಣ ಆಂಜಿ. ಮೇಸ್ತ್ರಿ ಅಣ್ಣತಮ್ಮ ಇಬ್ಬರನ್ನೂ ಕೆಲಸಕ್ಕೆ ಹಾಕಿಕೊಂಡಿದ್ದ. ತಮ್ಮನದು ಆಡುವ ಮೈ, ಅವನ ಪಾಲನ್ನೂ ನಾನೇ ಹೊರುತ್ತೇನೆ ಎಂದು ಆಂಜಿ ಮೊದಲ ದಿನವೇ ಹೇಳಿ ಅವನನ್ನು ಮನೆಗೆ ಕಳಿಸಿಬಿಟ್ಟ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಈ ಮನೆಯಲ್ಲಿ ಕೆಸರಾದ ಕೈ ಒಬ್ಬನದು, ಮೊಸರು ತಿಂದ ಬಾಯಿ ಇನ್ನೊಬ್ಬನದು.

ಸುಳ್ಳು ಹುಟ್ಟಿದ್ದು ದೊಡ್ಡ ಯೋಚನೆ ಮಾಡಿ ಅಲ್ಲ. ರಾಜ್ಯ ತಂಡಕ್ಕೆ ಆಯ್ಕೆಯಾದ ವಾರ ಪತ್ರಿಕೆಯವರು ಊರಿಗೆ ಬಂದರು. ಅಂಗಳದಲ್ಲಿ ಖಾಲಿ ಬಾಕ್ಸುಗಳಿದ್ದವು. ನೀವೂ ಇದನ್ನು ಹೊರುತ್ತಿದ್ದಿರಾ ಎಂದು ವರದಿಗಾರ ಕೇಳಿದ. ಆಸೆಯಿಂದ ಕೇಳಿದ. ಕಾಂತರಾಜ ಹೂಂ ಎಂದ. ಹಾಗಾದರೆ ಒಂದು ಫೋಟೊ ಎಂದರು. ಆಂಜಿಯೇ ಬಾಕ್ಸನ್ನು ತಮ್ಮನ ಹೆಗಲ ಮೇಲೆ ಇಟ್ಟು, ಬೀಳದಂತೆ ಹಿಂದಿನಿಂದ ಹಿಡಿದುಕೊಂಡು, ಫೋಟೊದಲ್ಲಿ ಕಾಣದ ಹಾಗೆ ಬಗ್ಗಿ ನಿಂತ. ಆಮೇಲೆ ಆ ಸುಳ್ಳಿಗೆ ಕೈಕಾಲು ಬಂತು. ಸನ್ಮಾನದ ಭಾಷಣಗಳಲ್ಲಿ ಅದನ್ನು ಬಿಟ್ಟು ಮಾತಾಡುವುದು ಅಸಾಧ್ಯವಾಯಿತು. ಹೇಳುತ್ತ ಹೇಳುತ್ತ ಬಾಕ್ಸಿನ ತೂಕ, ಬೆಳಗಿನ ಚಳಿ, ಕೊಳೆತ ಟೊಮೆಟೊ ರಸ ಕುತ್ತಿಗೆಗೆ ಇಳಿಯುವುದು ಎಲ್ಲವೂ ಸೇರಿಕೊಂಡವು. ಅವೆಲ್ಲ ಆಂಜಿ ಮನೆಗೆ ಬಂದು ಹೇಳಿದ್ದ ಮಾತುಗಳು.

ಹೋದ ವರ್ಷ ಶ್ರೀನಿವಾಸಪುರದ ಟೂರ್ನಮೆಂಟಿನಲ್ಲಿ ಕಾಂತರಾಜ ಅದೇ ಭಾಷಣ ಮಾಡಿದ. ಎದುರಿಗೆ ಕೂತಿದ್ದವರಲ್ಲಿ ಮಂಡಿಯ ಹಮಾಲಿ ಸೊಣ್ಣಪ್ಪನೂ ಇದ್ದ. ಮಗ ಕದಿರೇಶ ಆ ದಿನ ಜೋರಾಗಿ ಬೌಲಿಂಗ್ ಮಾಡಿದ್ದ. ಮಾರನೆಯ ವಾರದಿಂದ ಸೊಣ್ಣಪ್ಪ ಮಗನನ್ನು ಬೆಳಗ್ಗೆ ಎಬ್ಬಿಸಿ ಮಂಡಿಗೆ ಕರೆದುಕೊಂಡು ಹೋಗತೊಡಗಿದ. ಮನೆಗೆ ಇನ್ನೊಂದು ಕೂಲಿ ಬೇಕಾಗಿರಲಿಲ್ಲ. ಮಗ ಕಾಂತರಾಜ್ ಸಾರ್ ಹಾಗೆ ಆಗಬೇಕಿತ್ತು, ಅಷ್ಟೇ.

ಕದಿರೇಶ ನೆಟ್ಸಿಗೆ ಬಂದು ಸೇರಿದಾಗ ಮೊದಲು ಹೇಳಿದ್ದೇ ಇದನ್ನು. ‘ನಾನೂ ಬಾಕ್ಸ್ ಹೊರ್ತೀನಿ ಸಾರ್.’ ಕಾಂತರಾಜ ಅವನ ಹೆಗಲು ತಟ್ಟಿ, ಅದಕ್ಕೇ ಈ ಪೇಸು ಕಣೋ ಎಂದಿದ್ದ. ಆಗ ನಿಜ ಹೇಳಲು ನಾಲಿಗೆ ಹೊರಳಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಹುಡುಗ ಬಾಲು ಹಾಕಿ ಸೊಂಟ ಹಿಡಿದು ನಿಲ್ಲತೊಡಗಿದಾಗಲೂ ಹೊರಳಲಿಲ್ಲ. ನನಗೆ ಇದಕ್ಕಿಂತ ನೋವಿತ್ತು, ಹಾಕು ಹಾಕು ಎಂದ. ಮೊಣಕಾಲಿನ ನೋವು ಇದ್ದದ್ದು ನಿಜ. ಆದರೆ ಬೆನ್ನು ಅವನಿಗೆ ಒಂದು ದಿನವೂ ನೋವು ಕೊಟ್ಟಿರಲಿಲ್ಲ.

ಆಸ್ಪತ್ರೆಯಿಂದ ಸೀದಾ ಸೊಣ್ಣಪ್ಪನ ಮನೆಗೆ ಹೋದರು. ಬೈಕಿನ ಹಿಂದೆ ಕೂತ ಕದಿರೇಶ ಹಂಪು ಬಂದಾಗೆಲ್ಲ ಸೀಟಿನ ಹಿಂದಿನ ಕಂಬಿ ಹಿಡಿದು ಮೈ ಎತ್ತುತ್ತಿದ್ದ. ಕಾಂತರಾಜ ನಿಧಾನ ಮಾಡಿದ.

ಸೊಣ್ಣಪ್ಪ ಹಸುವಿಗೆ ಮೇವು ಹಾಕುತ್ತಿದ್ದವನು ಕೈ ತೊಳೆದುಕೊಂಡು ಬಂದ. ಕೋಚ್ ಮನೆಗೆ ಬಂದರೆ ಅವನಿಗೆ ಹಬ್ಬ. ಕುರ್ಚಿ ತರಿಸಿದ, ಟೀ ಮಾಡಿಸಿದ. ಡಾಕ್ಟರ ಮಾತನ್ನು ಪೂರ್ತಿ ಕೇಳಿದ. ಕೇಳಿ, ಬೌಲಿಂಗ್ ನಿಲ್ಲಿಸುವುದಕ್ಕೆ ಒಪ್ಪಿದ. ಬಾಕ್ಸ್ ನಿಲ್ಲಿಸುವುದಕ್ಕೆ ಒಪ್ಪಲಿಲ್ಲ. ಹೆಂಡತಿಯ ತವರು ರಾಯಲ್ಪಾಡಿನ ಕಡೆ ಮೂಳೆ ಕಟ್ಟುವವರೊಬ್ಬರಿದ್ದಾರೆ, ಸೊಪ್ಪಿನ ಕಟ್ಟು ಹಾಕಿಸಿ ಹದಿನೈದು ದಿನ ಮನೆಯಲ್ಲಿ ಕೂರಿಸುತ್ತೇನೆ, ಆಮೇಲೆ ಮೊದಲು ಒಂದೊಂದೇ ಬಾಕ್ಸು, ಆಮೇಲೆ ಎರಡು ಎಂದ. ಬೆನ್ನು ವೀಕ್ ಆಗಿರುವುದಕ್ಕೇ ಬಿರುಕು ಬಂದಿದ್ದು, ಹೊತ್ತರೆ ತಾನೇ ಗಟ್ಟಿಯಾಗುವುದು?

‘ಡಾಕ್ಟ್ರು ಬೇಡ ಅಂದಿದಾರೆ ಸೊಣ್ಣಪ್ಪಣ್ಣ.’

‘ನಿಮಗೆ ಯಾವ ಡಾಕ್ಟ್ರು ಹೊರಿ ಅಂದಿದ್ದ ಸಾರ್? ನೀವು ಹೊತ್ತಿಲ್ವಾ? ನಿಮ್ ಬೆನ್ನು ಮುರೀತಾ?’

ಅದಕ್ಕೆ ಉತ್ತರ ಒಂದೇ ಇತ್ತು. ಕಾಂತರಾಜ ಟೀ ಕುಡಿದ. ಒಳಬಾಗಿಲಿನಲ್ಲಿ ಗೋಡೆಗೆ ಒರಗಿ ನಿಂತಿದ್ದ ಕದಿರೇಶ ಅಪ್ಪನ ಮಾತಿಗೆ ತಲೆಯಾಡಿಸುತ್ತಿದ್ದ. ಹುಡುಗನಿಗೂ ಅದೇ ನಂಬಿಕೆ. ಕಾಂತರಾಜ, ನನ್ನ ಕಾಲ ಬೇರೆ, ಮೈ ಬೇರೆ ಎಂದೆಲ್ಲ ತೊದಲಿ ಎದ್ದು ಬಂದ.

ಅಲ್ಲಿಂದ ಆಂಜಿಯ ಊರಿಗೆ ಬೈಕಿನಲ್ಲಿ ಅರ್ಧ ಗಂಟೆ. ಆಂಜಿ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕಟ್ಟುತ್ತಿದ್ದ. ಬಲಗೈ ಹೆಗಲ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ ಅವನಿಗೆ. ಎಡಗೈಯಲ್ಲೇ ಎಲ್ಲ. ಅಂಗಿ ತೊಡುವಾಗಲೂ ಅತ್ತಿಗೆ ಮುನಿಲಕ್ಷ್ಮಿ ತೋಳು ಹಿಡಿದು ಕೊಡಬೇಕು. ಆ ಕೈಯನ್ನು ನೋಡದ ಹಾಗೆ ಮಾತಾಡುವುದನ್ನು ಕಾಂತರಾಜ ಎಷ್ಟೋ ವರ್ಷದಿಂದ ಅಭ್ಯಾಸ ಮಾಡಿಕೊಂಡಿದ್ದ.

ನಡೆದದ್ದೆಲ್ಲ ಹೇಳಿದ. ನಾನೊಬ್ಬನೇ ಹೇಳಿದರೆ ಸೊಣ್ಣಪ್ಪ ನಂಬುವುದಿಲ್ಲ, ನೀನೂ ಮಂಡಿಗೆ ಬಂದು ಹೇಳು ಎಂದು ಕೇಳಿದ. ಆಂಜಿ ಸೊಪ್ಪಿನ ಹೊರೆಯ ಹಗ್ಗ ಬಿಗಿಯುತ್ತಲೇ ಕೇಳಿಸಿಕೊಂಡ.

‘ಏನಂತ ಹೇಳ್ಲಿ? ನನ್ ತಮ್ಮ ಸುಳ್ಳ ಅಂತ್ಲಾ?’

‘ಇದ್ದದ್ದು ಹೇಳು.’

‘ನೋಡು ಕಾಂತ. ಮಂಡೀಲಿ ನಾನು ಇವತ್ತಿಗೂ ಕಾಂತರಾಜನ ಅಣ್ಣ. ಟೊಮೆಟೊ ಹಾಕಕ್ಕೆ ಹೋದ್ರೆ ಎದ್ದು ನಿಂತು ಟೀ ಕೊಡ್ತಾರೆ. ನಾಳೆ ನಾನು ಹೋಗಿ, ಅವನು ಮನೇಲಿ ಮಲಗಿದ್ದ, ನಾನು ಇಬ್ಬರ ಪಾಲು ಹೊತ್ತೆ ಅಂದ್ರೆ ಏನಂತಾರೆ? ಪೆದ್ದ ಅಂತಾರೆ. ನೀನು ಕಳ್ಳ ಆಗ್ತೀಯ, ನಾನು ಪೆದ್ದ ಆಗ್ತೀನಿ. ಸುಮ್ನಿರು.’

‘ಹುಡುಗನ ಬೆನ್ನು ಹೋಗುತ್ತೆ ಅಣ್ಣ.’

ಆಂಜಿ ಹಗ್ಗ ಬಿಟ್ಟ. ‘ಹೊತ್ತು ಹೊತ್ತು ನನ್ ಕೈ ಹೋದಾಗ ಬಾಯಿ ಬಿಡಲಿಲ್ಲ ನೀನು’ ಎಂದ. ಸಿಟ್ಟಿನಿಂದ ಹೇಳಲಿಲ್ಲ. ಇವತ್ತು ಮೋಡ ಇದೆ ಎಂದು ಹೇಳುವ ಹಾಗೆ ಹೇಳಿದ. ಆಮೇಲೆ ಎಡ ಹೆಗಲಿಗೆ ಹೊರೆ ಏರಿಸಿಕೊಂಡು ರೇಷ್ಮೆ ಹುಳು ಮನೆಯ ಕಡೆ ನಡೆದ. ಊಟ ಮಾಡಿಕೊಂಡು ಹೋಗು ಎಂದು ಅತ್ತಿಗೆ ಕರೆದರೂ ಕಾಂತರಾಜ ನಿಲ್ಲಲಿಲ್ಲ.

ಮನೆಗೆ ಬಂದು ಹೆಂಡತಿ ಸುನಂದಳ ಹತ್ತಿರ ಹೇಳಿಕೊಂಡ. ಮದುವೆಯಾದ ಹೊಸದರಲ್ಲೇ ಅವಳಿಗೆ ಸತ್ಯ ಗೊತ್ತಾಗಿತ್ತು. ಆಂಜಿಯ ಕೈ ನೋಡಿ ಅವಳೇ ಕೇಳಿದ್ದಳು. ಇಷ್ಟು ದಿನ ಇರದ ಪಾಪಪ್ರಜ್ಞೆ ಈಗ ಯಾಕೆ ಎಂದು ಅವಳು ಕೇಳಲಿಲ್ಲ. ಹದಿನೈದು ದಿನ ಟೈಮಿದೆಯಲ್ಲ, ನಿಧಾನವಾಗಿ ಹೇಳಿ ಎಂದಳು ಅಷ್ಟೇ. ಆ ಸಮಾಧಾನ ಅವನಿಗೂ ಬೇಕಾಗಿತ್ತು. ಹಿಡಿದುಕೊಂಡ. ಒಂದು ವಾರ ಯಾರ ಹತ್ತಿರವೂ ಈ ಮಾತು ಎತ್ತಲಿಲ್ಲ.

ಆ ವಾರ ಟೊಮೆಟೊ ರೇಟು ಏರಿತು. ಮಂಡಿಗೆ ಸುತ್ತಲ ಊರುಗಳಿಂದ ಗಾಡಿ ಮೇಲೆ ಗಾಡಿ ಬಂತು. ಹಮಾಲಿಗಳು ಸಾಲುತ್ತಿಲ್ಲ ಎಂದು ಮಾತು. ಗುರುವಾರ ಬೆಳಗ್ಗೆ ಬ್ಯಾಂಕಿನ ಸಹೋದ್ಯೋಗಿ ಮುರಳಿಮೋಹನ್ ಫೋನ್ ಮಾಡಿದ. ತರಕಾರಿಗೆ ಹೋಗಿದ್ದವನು ಮಂಡಿಯಲ್ಲಿ ಕದಿರೇಶನನ್ನು ನೋಡಿದ್ದ. ನಿಮ್ಮ ಶಿಷ್ಯ ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಬಾಕ್ಸ್ ಹೊರುತ್ತಿದ್ದಾನೆ ಸಾರ್, ನಿಮ್ಮದೇ ತಳಿ ಎಂದು ಹೊಗಳಿದ.

ಕಾಂತರಾಜ ಹಾಗೇ ಎದ್ದು ಹೋದ.

ಹರಾಜು ಮುಗಿದು ಲೋಡಿಂಗ್ ನಡೆಯುತ್ತಿತ್ತು. ಕಾಲಿಡಲು ಜಾಗವಿಲ್ಲ. ಕೆಳಗೆಲ್ಲ ಜಜ್ಜಿದ ಟೊಮೆಟೊ, ಹುಳಿ ವಾಸನೆ, ಲಾರಿಯ ಹೊಗೆ. ಕದಿರೇಶ ಲಾರಿಯ ಹಲಗೆ ಇಳಿದು ಬರುತ್ತಿದ್ದ. ಅಂಗಿಯ ಮೇಲೆ ಸೊಪ್ಪಿನ ರಸ ಹಸಿರಾಗಿ ಇಳಿದಿತ್ತು. ಇನ್ನೊಂದು ಬಾಕ್ಸಿಗೆ ಹೆಗಲು ಕೊಡಲು ಹೊರಟವನನ್ನು ಕಾಂತರಾಜ ರಟ್ಟೆ ಹಿಡಿದು ನಿಲ್ಲಿಸಿದ. ಸೊಣ್ಣಪ್ಪ ಓಡಿ ಬಂದ. ಕೈ ಸಾಲಲಿಲ್ಲ ಸಾರ್, ಇವನೇ ಬರ್ತೀನಿ ಅಂದ, ಒಂದೊಂದೇ ಹೊರಿಸ್ತಿದೀನಿ ಎಂದು ತಪ್ಪಿತಸ್ಥನ ಹಾಗೆ ನಕ್ಕ. ಆ ನಗುವನ್ನೇ ಕಾಂತರಾಜನಿಗೆ ತಡೆಯಲಾಗಲಿಲ್ಲ. ತಪ್ಪು ಮಾಡಿದವನು ತಾನು, ಹಲ್ಲು ಬಿಡುತ್ತಿರುವವನು ಇವನು.

‘ಸೊಣ್ಣಪ್ಪಣ್ಣ, ನಾನು ಬಾಕ್ಸ್ ಹೊತ್ತಿಲ್ಲ. ಒಂದಿನಾನೂ ಹೊತ್ತಿಲ್ಲ.’

ಸೊಣ್ಣಪ್ಪನಿಗೆ ಅರ್ಥವಾಗಲಿಲ್ಲ. ಕಾಂತರಾಜ ಇನ್ನೊಂದು ಸಲ ಹೇಳಿದ. ಸುತ್ತ ಇದ್ದ ಹಮಾಲಿಗಳು ಕೇಳಿಸಿಕೊಂಡು ನಕ್ಕರು. ಗಂಗಾಧರ್ ಎಂಬ ಬಾಯಾಳಿ ಹಮಾಲಿ, ‘ದೊಡ್ಡೋರು ಹಂಗೇ ಅನ್ನೋದು ಕಣ್ರೋ, ಬ್ಯಾಂಕ್ ಸೇರಿದ್ಮೇಲೆ ಬಾಕ್ಸ್ ಹೊತ್ತೆ ಅನ್ನಕ್ಕೆ ನಾಚ್ಕೆ ಆಗ್ತದೆ’ ಎಂದ. ಸೊಣ್ಣಪ್ಪ ಅವನನ್ನು ಗದರಿದ. ನನ್ನ ಮಗನ ಮೇಲಿನ ಕಾಳಜಿಗೆ ಸಾರ್ ತನ್ನ ಹೆಸರನ್ನೇ ತಗ್ಗಿಸಿಕೊಳ್ಳುತ್ತಿದ್ದಾರೆ ಎಂದು ಉಳಿದವರಿಗೆ ವಿವರಿಸಿದ. ಅವನ ಕಣ್ಣಲ್ಲಿ ನೀರೇ ಬಂದಿತ್ತು. ಇಷ್ಟು ವರ್ಷ ಸುಳ್ಳು ಹೇಳಿ ಗಳಿಸಿದ ಮರ್ಯಾದೆ ಈಗ ಸತ್ಯ ಹೇಳಿದ್ದಕ್ಕೆ ಇನ್ನೂ ಹೆಚ್ಚುತ್ತಿತ್ತು.

ಅಷ್ಟರಲ್ಲಿ ಗಂಗಾಧರ್, ಹಳೇ ನೆನಪಿಗೆ ಒಂದು ಟ್ರಿಪ್ ಹಾಕಿ ಸಾರ್ ಎಂದ. ಹುಡುಗರು ಫೋನು ತೆಗೆದರು. ಸೊಣ್ಣಪ್ಪ ಬೇಡ ಬೇಡ ಎಂದು ಅಡ್ಡ ಬಂದ. ಕಾಂತರಾಜ ಅವನನ್ನು ಸರಿಸಿ ಬಾಕ್ಸುಗಳ ಸಾಲಿನ ಹತ್ತಿರ ಹೋಗಿ ನಿಂತ. ಎತ್ತಿಕೊಡು ಎಂದ.

ಬಾಕ್ಸ್ ಹೊರುವುದಕ್ಕೆ ಒಂದು ಕ್ರಮ ಇದೆ. ಎತ್ತಿಕೊಡುವವರ ಕಡೆ ಮುಖ ಮಾಡುವ ಹಾಗಿಲ್ಲ, ಬೆನ್ನು ಮಾಡಿ ನಿಲ್ಲಬೇಕು. ಮೊಣಕಾಲು ಮಡಿಸಿ ಕೆಳಗಿಳಿಯಬೇಕು, ಸೊಂಟ ಬಗ್ಗಿಸಬಾರದು. ಟವೆಲನ್ನು ಮಡಿಸಿ ಕತ್ತಿನ ಬುಡಕ್ಕೆ ಇಟ್ಟುಕೊಂಡು ಭಾರ ಅಲ್ಲಿ ಕೂತ ಮೇಲೆ ಕಾಲಿನಿಂದ ಏಳಬೇಕು. ಮೊದಲ ವಾರದಲ್ಲಿ ಬೈಸಿಕೊಂಡು ಕಲಿಯುವ ಈ ಕ್ರಮ ಆಮೇಲೆ ಮರೆಯುವುದಿಲ್ಲ. ಕೆಲಸ ಬಿಟ್ಟು ಮುದುಕರಾದ ಹಮಾಲಿಗಳು ಮಂಡಿಗೆ ಬಂದು ಹರಟುತ್ತ ನಿಂತಾಗ, ಯಾರಾದರೂ ಬಾಕ್ಸ್ ಎತ್ತಿದರೆ ಸಾಕು, ಅವರ ಮೊಣಕಾಲು ತಾನಾಗಿ ಮಡಿಯುತ್ತದೆ.

ಕಾಂತರಾಜ ಮುಖ ಮಾಡಿ ನಿಂತ. ಟವೆಲ್ ಕೇಳಲಿಲ್ಲ. ಎಡಗಾಲನ್ನು ಮುಂದಿಟ್ಟು, ಬಾಲು ಹಾಕುವಾಗ ತಿರುಗುವ ಹಾಗೆ ಸೊಂಟ ತಿರುಗಿಸಿ, ಎರಡೂ ಕೈ ಚಾಚಿದ. ಬಾಕ್ಸ್ ಎತ್ತಿದ್ದ ಇಬ್ಬರೂ ಒಂದು ಗಳಿಗೆ ಹಾಗೇ ನಿಂತರು. ಯಾವ ಕಡೆ ಇಡಬೇಕು ಎಂದೇ ಅವರಿಗೆ ತಿಳಿಯಲಿಲ್ಲ. ಆಮೇಲೆ ಕೈಗೇ ಕೊಟ್ಟರು. ಕಾಂತರಾಜ ಅದನ್ನು ಎದೆಗೆ ಅವುಚಿಕೊಂಡು ಹೆಗಲಿಗೇರಿಸಲು ಹೋದ. ಬಾಕ್ಸ್ ವಾಲಿತು, ಕೆನ್ನೆಗೆ ಬಡಿಯಿತು, ಕೆಳಗೆ ಬಿತ್ತು. ಟೊಮೆಟೊ ಲಾರಿಯ ಚಕ್ರದವರೆಗೂ ಉರುಳಿತು.

ಯಾರೋ ಕಿಸಕ್ಕೆಂದರು. ವಯಸ್ಸಾಯ್ತಲ್ಲ ಸಾರ್‌ಗೆ ಎಂದ ಗಂಗಾಧರ್.

ಸೊಣ್ಣಪ್ಪ ನಗಲಿಲ್ಲ. ಅವನು ನೋಡುತ್ತಿದ್ದದ್ದು ಬಿದ್ದ ಬಾಕ್ಸನ್ನಲ್ಲ, ಕಾಂತರಾಜನ ಕಾಲನ್ನು. ಮಂಡಿಯಲ್ಲೇ ತಲೆ ನರೆತವನು ಅವನು. ಹೊರಲಾರದವನು ಬೇರೆ, ಹೊರಲು ಬಾರದವನು ಬೇರೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

‘ಅಂತಾ ಅಬದ್ಧಮೇನಾ?’ ಎಂದ. ಮನಸ್ಸು ಕೆಟ್ಟಾಗ ಸೊಣ್ಣಪ್ಪನ ಬಾಯಿಗೆ ಬರುವುದು ತೆಲುಗು. ಎಲ್ಲಾ ಸುಳ್ಳೇನಾ ಎಂದು ಕೇಳಿದ್ದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಫೋನು ಹಿಡಿದಿದ್ದ ಹುಡುಗರು ಕೈ ಇಳಿಸಿದರು.

‘ಹೂಂ’ ಎಂದ ಕಾಂತರಾಜ.

‘ಮತ್ತೆ ಹೊತ್ತಿದ್ದು ಯಾರು?’

‘ಅಣ್ಣ. ಆಂಜಿ.’

ಆಂಜಿಯ ಕೈ ಮಂಡಿಯಲ್ಲಿ ಎಲ್ಲರೂ ನೋಡಿದ್ದೇ. ಲಕ್ವ ಹೊಡೆದದ್ದು ಎಂದು ಅವರೇ ಏನೋ ಒಂದು ತಿಳಿದುಕೊಂಡಿದ್ದರು. ಸೊಣ್ಣಪ್ಪ ತನ್ನ ಎಡಗೈಯಿಂದ ಬಲ ಹೆಗಲನ್ನು ಒಂದು ಸಲ ಒತ್ತಿಕೊಂಡ. ಆಮೇಲೆ ಮಗನ ಕಡೆ ತಿರುಗಿ, ಮನೆಗೆ ಹೋಗು, ಇನ್ನು ಇತ್ತ ಬರಬೇಡ ಎಂದ. ಕೂತು ಟೊಮೆಟೊ ಆಯತೊಡಗಿದ. ಕಾಂತರಾಜ ತಾನೂ ಆಯಲು ಬಗ್ಗಿದಾಗ, ‘ಬಿಡಿ ಸಾರ್, ನಿಮಗೆ ಬರಲ್ಲ’ ಎಂದ.

ಕದಿರೇಶ ಗೇಟಿನ ಹೊರಗೆ ಬಸ್ಸಿಗೆ ಕಾಯುತ್ತಿದ್ದ. ಕಾಂತರಾಜ ಬೈಕಿನಲ್ಲಿ ಬಿಡುತ್ತೇನೆ ಎಂದ. ಹುಡುಗ ಬೇಡ ಎಂದ. ಬಿರುಕು ಕೂಡುತ್ತದೆ, ಮಳೆಗಾಲ ಮುಗಿದ ಮೇಲೆ ಮತ್ತೆ ಡಾಕ್ಟರಿಗೆ ತೋರಿಸೋಣ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆಲ್ಲ ಕಾಂತರಾಜ ಹೇಳಿದ. ಕದಿರೇಶ ರಸ್ತೆ ನೋಡುತ್ತಿದ್ದ.

‘ಸಾರ್, ನಿಮ್ಮಣ್ಣ ಹೊರೋವಾಗ ನೀವೇನ್ ಮಾಡ್ತಿದ್ರಿ?’

ಕೇಳುವ ಕ್ರಮದಲ್ಲಿ ಸಿಟ್ಟಿರಲಿಲ್ಲ. ನೆಟ್ಸಿನಲ್ಲಿ ಕೈ ಹೇಗೆ ಹಿಡಿಯಬೇಕು ಎಂದು ಕೇಳುವ ಹಾಗೆಯೇ ಕೇಳಿದ. ಓಡುತ್ತಿದ್ದೆ, ಎಕ್ಸರ್ಸೈಸ್ ಮಾಡುತ್ತಿದ್ದೆ ಎಂದು ಹೇಳಬಹುದಿತ್ತು. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

‘ಮಲಗಿರ್ತಿದ್ದೆ.’

ಹುಡುಗ ತಲೆಯಾಡಿಸಿದ. ‘ಅದನ್ನೇ ಹೇಳಿದ್ರೆ ನಾನೂ ಮಲಗಿರ್ತಿದ್ದೆ.’

ಬಸ್ಸು ಬಂತು. ವಕ್ಕಲೇರಿಯ ಬಸ್ಸು, ತುಂಬಿ ತುಳುಕುತ್ತಿತ್ತು. ಕದಿರೇಶ ಹತ್ತಿ ಮೇಲಿನ ಕಂಬಿ ಹಿಡಿದು ನಿಂತ. ಬೆನ್ನು ಎಳೆದಿರಬೇಕು, ಕೈ ಬಿಟ್ಟು ಸೀಟಿನ ಅಂಚು ಹಿಡಿದ. ಕಾಂತರಾಜ ಬೈಕನ್ನು ಅಲ್ಲೇ ಬಿಟ್ಟು ಹಿಂದೆಯೇ ಹತ್ತಿದ. ಆಂಜಿಯ ಊರಿಗೂ ಇದೇ ಬಸ್ಸು. ಅಲ್ಲಿಗೂ ಹೋಗಿ, ಹೇಳಿಬಿಟ್ಟೆ ಎಂದು ಹೇಳಬೇಕಿತ್ತು. ಕಿಟಕಿಯ ಹತ್ತಿರ ಕೂತಿದ್ದವರನ್ನು, ಹುಡುಗನಿಗೆ ಬೆನ್ನು ಸರಿಯಿಲ್ಲ, ಸ್ವಲ್ಪ ಜಾಗ ಬಿಡಿ ಎಂದು ಕೇಳಿದ. ಅವರು ತಲೆಯೆತ್ತಿ ನೋಡಿ ಗುರುತು ಹಿಡಿದರು. ಕಾಂತರಾಜ್ ಸಾರ್ ಅಲ್ವಾ, ಕೂತ್ಕೊಳ್ಳಿ ಕೂತ್ಕೊಳ್ಳಿ ಎಂದು ಎದ್ದು ನಿಂತರು.

ಕಾಂತರಾಜ ಕದಿರೇಶನಿಗೆ ಜಾಗ ತೋರಿಸಿದ.

‘ನಿಮಗೇ ಕೊಟ್ಟಿದ್ದು ಸಾರ್’ ಎಂದ ಹುಡುಗ. ಕೂರಲಿಲ್ಲ.

ಕಾಂತರಾಜನೂ ಕೂರಲಿಲ್ಲ. ಬಸ್ಸು ಹೊರಟಿತು. ಮುಂದಿನ ಸ್ಟಾಪಿನಲ್ಲಿ ಸೊಪ್ಪಿನ ಗಂಟು ಹಿಡಿದು ಹತ್ತಿದ ಹೆಂಗಸೊಬ್ಬಳು, ಯಾಕ್ ಹಿಂಗೆ ಖಾಲಿ ಬಿಟ್ಟಿದೀರಿ ಎಂದು ಇಬ್ಬರನ್ನೂ ಸರಿಸಿ ಅಲ್ಲಿ ಕೂತಳು.